ಖೊರಿಕಾ ಕೋಳಿಗೆ ಮಡಚುವ ಗ್ರಿಲ್: ಒಲೆ ಪಾಸು, ಕಡ್ಡಿ ಫೇಲು

ಎರಡು ಸಾವಿರ ರೂಪಾಯಿಯೊಳಗೆ ಆನ್‌ಲೈನಿನಲ್ಲಿ ಸಿಗುವ ಮಡಚುವ ತಗಡಿನ ಗ್ರಿಲ್ಲನ್ನು ನೋಡದವರು ಕಡಿಮೆ. ಕಪ್ಪು ಬಣ್ಣ, ಮಡಚುವ ನಾಲ್ಕು ಕಾಲು, ಮೇಲೊಂದು ಹೊಳೆಯುವ ಜಾಲರಿ, ಜೊತೆಗೆ ಏಳೆಂಟು ಕಬ್ಬಿಣದ ಸರಳು, ಒಂದು ಬ್ರಷ್ಷು, ಕೆಲವು ಸಲ ಒಂದು ಪೊಟ್ಟಣ ಇದ್ದಲು. ಚಿಕ್ಕಮಗಳೂರಿನ ಹೋಂಸ್ಟೇ ಅಂಗಳಗಳಲ್ಲಿ ಕ್ಯಾಂಪ್‌ಫೈರಿನ ಪಕ್ಕ ನಿಂತಿರುವುದೂ ಹೆಚ್ಚಾಗಿ ಇದೇ. ಪನೀರು, ಜೋಳದ ತೆನೆ, ಮಸಾಲೆ ಮೆತ್ತಿದ ಟಿಕ್ಕಾ ಇದರ ಮೇಲೆ ಹೇಗೋ ಆಗುತ್ತವೆ. ಅಸ್ಸಾಮಿನ ಖೊರಿಕಾ ಕೋಳಿ ಆಗುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಆಗುತ್ತದೆ, ಡಬ್ಬದಿಂದ ತೆಗೆದು ಹಾಗೇ ಹೂಡಿದರೆ ಮಾತ್ರ ಆಗುವುದಿಲ್ಲ. ಒಲೆ ಇಟ್ಟುಕೊಳ್ಳಿ. ಅದರ ಜೊತೆ ಬಂದ ಸಾಮಾನಿನಲ್ಲಿ ಮುಕ್ಕಾಲು ಪಾಲು ಅಟ್ಟಕ್ಕೆ ಹೋಗಬೇಕಾದದ್ದು.

ಅಸ್ಸಾಮಿಯಲ್ಲಿ ಖೊರಿಕಾ ಎಂದರೆ ಬಿದಿರಿನ ಸೀಳುಕಡ್ಡಿ. ‘ಖೊರಿಕಾತ್ ದಿಯಾ’ ಎಂದರೆ ಕಡ್ಡಿಗೆ ಹಾಕಿದ್ದು. ಕೋಳಿ, ಹಂದಿ, ಬಾತು, ಮೀನು, ಯಾವುದನ್ನೇ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟರೂ ಅದು ಖೊರಿಕಾವೇ. ಅಂದರೆ ಹೆಸರು ಬಂದಿರುವುದು ಮಸಾಲೆಯಿಂದಲ್ಲ, ಕಡ್ಡಿಯಿಂದ. ಕೋಳಿಗೆ ಅಲ್ಲಿ ಕುಕುರಾ ಎನ್ನುತ್ತಾರೆ. ಕೊನೆಯ ದೀರ್ಘ ನುಂಗಿ ಕುಕುರ್ ಎಂದುಬಿಟ್ಟರೆ ನಾಯಿ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಅಸ್ಸಾಮಿನ ಕಾರ್ಮಿಕರು ಬೇಕಾದಷ್ಟು ಜನ ಇದ್ದಾರೆ, ಅವರ ಹತ್ತಿರ ಅಡುಗೆ ವಿಚಾರಿಸುವಾಗ ನಾಲಗೆಯ ಮೇಲೆ ನಿಗಾ ಇರಲಿ. ಜನವರಿ ನಡುವಿನಲ್ಲಿ ನಮ್ಮ ಸಂಕ್ರಾಂತಿಯ ಹೊತ್ತಿಗೆ ಅವರಿಗೆ ಮಾಘ ಬಿಹು. ಹಿಂದಿನ ರಾತ್ರಿ ಉರುಕಾ, ಊರೆಲ್ಲ ಕೂಡಿ ಉಣ್ಣುವ ರಾತ್ರಿ. ಖೊರಿಕಾ ಏಳುವುದು ಅಂಥ ಬೆಂಕಿಯ ಮೇಲೆ. ಇಲ್ಲಿ ಅದೇ ಹೊತ್ತಿಗೆ ಕಾಫಿ ಕೊಯ್ಲು, ರಾತ್ರಿ ಚಳಿ, ಒಣ ಕಟ್ಟಿಗೆ. ಕಾಲ ಕೂಡಿಬಂದ ಹಾಗೇ.

ಒಲೆಯ ತಪ್ಪು ಒಂದೇ, ಆದರೆ ಮೂಲದಲ್ಲೇ ಇದೆ. ಇದ್ದಲಿನ ತಟ್ಟೆಯಿಂದ ಮೇಲಿನ ಅಂಚಿನವರೆಗೆ ಸುಮಾರು 10 ಸೆಂಟಿಮೀಟರ್ ಆಳ. ಎರಡು ಬೆರಳು ದಪ್ಪ ಕೆಂಡ ಹರಡಿದರೆ ಮಾಂಸಕ್ಕೂ ಕೆಂಡಕ್ಕೂ ಉಳಿಯುವುದು ಆರು ಸೆಂಟಿಮೀಟರ್. ಮೊಸರು, ಕಡಲೆಹಿಟ್ಟು ಮೆತ್ತಿದ ಟಿಕ್ಕಾಗೆ ಮೇಲೊಂದು ಪದರ ಇರುತ್ತದೆ, ಸೀಯುವುದು ಆ ಪದರವೇ, ಒಳಗಿನ ಮಾಂಸ ಪಾರು. ಖೊರಿಕಾಗೆ ಆ ರಕ್ಷಣೆ ಇಲ್ಲ. ಮಾಂಸ ಬಹುಪಾಲು ಬರಿಮೈಯಲ್ಲಿರುತ್ತದೆ, ಮೇಲೆ ಬರೀ ಎಣ್ಣೆ. ಆರು ಸೆಂಟಿಮೀಟರಿನಲ್ಲಿ ಎಂಟೇ ನಿಮಿಷಕ್ಕೆ ಹೊರಗೆ ಕಪ್ಪು, ಒಳಗೆ ಹಸಿ ಗುಲಾಬಿ. ಖೊರಿಕಾಗೆ ಕೆಂಡದಿಂದ 12ರಿಂದ 14 ಸೆಂಟಿಮೀಟರ್ ಎತ್ತರ ಬೇಕು.

ಸರಿಮಾಡಲು ಕಾಸು ಬೇಡ. ಗ್ರಿಲ್ಲಿನ ಕಾಲು ಮಡಚಿ ಡಬ್ಬವನ್ನು ನೆಲದ ಮೇಲಿಡಿ. ಉದ್ದದ ಎರಡೂ ಬದಿಗೆ ತಗಡಿಗೆ ತಾಗಿಸಿ ಇಟ್ಟಿಗೆ ಪೇರಿಸಿ, ಅಂಚಿಗಿಂತ ಆರೇಳು ಸೆಂಟಿಮೀಟರ್ ಮೇಲೆ ಬರುವಷ್ಟು. ಕಡ್ಡಿಯ ಎರಡು ತುದಿ ಇಟ್ಟಿಗೆಯ ಮೇಲೆ ಕೂರಲಿ. ಎತ್ತರ ಸರಿಹೋಗುತ್ತದೆ, ಕಡ್ಡಿಯ ತುದಿಗೆ ಉರಿ ತಾಗುವುದಿಲ್ಲ, ಅಡ್ಡಗಾಳಿಯೂ ನಿಲ್ಲುತ್ತದೆ. ಗಿರಿಯ ಕಡೆಯಿಂದ ಸಂಜೆ ಗಾಳಿ ಹೊಡೆಯುವ ಮನೆಗಳಲ್ಲಿ ಈ ಮೂರನೆಯದೇ ದೊಡ್ಡ ಲಾಭ. ಈ ತಗಡಿನ ಬದಿಯ ತೂತುಗಳಿಗೆ ಮುಚ್ಚಳ ಇಲ್ಲದ್ದರಿಂದ ಗಾಳಿ ಬಂದ ಕಡೆ ಕೆಂಡ ನಿಗಿನಿಗಿ, ಇನ್ನೊಂದು ಕಡೆ ತಣ್ಣಗೆ. ಅಗಲದ ಬದಿಗಳನ್ನು ಮಾತ್ರ ತೆರೆದೇ ಬಿಡಿ, ಇಲ್ಲವಾದರೆ ಕೆಂಡ ಉಸಿರುಗಟ್ಟಿ ಹೊಗೆ ಎಬ್ಬಿಸುತ್ತದೆ.

ಹಾಗಾದರೆ ಗ್ರಿಲ್ ಯಾಕೆ, ಇಟ್ಟಿಗೆಯೇ ಸಾಲದೇ? ಹಿತ್ತಲಿದ್ದವರಿಗೆ ಸಾಲುತ್ತದೆ. ಎಂಟು ಇಟ್ಟಿಗೆ, ನೆಲದ ಮೇಲೆ ಕೆಂಡ, ಮುಗಿಯಿತು. ಅಸ್ಸಾಮಿನಲ್ಲಿ ಮಾಡುವುದೂ ಬಹುಮಟ್ಟಿಗೆ ಹಾಗೇ. ಟಾರಸಿ ಮನೆಯವರಿಗೆ, ಹಾಸನದ ಬಡಾವಣೆಗಳಲ್ಲಿ ಸಿಮೆಂಟಿನ ಅಂಗಳ ಇರುವವರಿಗೆ ತಗಡು ಬೇಕು. ಸಿಮೆಂಟಿನ ಮೇಲೆ ನೇರ ಕೆಂಡ ಸುರಿದರೆ ಸಿಮೆಂಟು ಚಟಚಟ ಸಿಡಿದು ಚಕ್ಕೆ ಏಳುತ್ತದೆ. ಡಬ್ಬದ ಕೆಳಗೂ ಎರಡು ಇಟ್ಟಿಗೆ ಅಡ್ಡ ಇಟ್ಟು ತಳಕ್ಕೆ ಗಾಳಿ ಆಡಲು ಬಿಡಿ, ಬದಿಯ ಸಾಲನ್ನೂ ಅಷ್ಟೇ ಏರಿಸಿ.

ಹೊಸ ಒಲೆಯ ಮೇಲೆ ಮೊದಲ ದಿನವೇ ಮಾಂಸ ಇಡಬೇಡಿ. ಕಪ್ಪು ಬಣ್ಣ ಕಾದಾಗ ಪೇಂಟಿನ ಹೊಗೆ ಬಿಡುತ್ತದೆ. ಹೊರಗಿಟ್ಟು ತುಂಬಾ ಕೆಂಡ ಹಾಕಿ ಮುಕ್ಕಾಲು ಗಂಟೆ ಬರಿದೇ ಉರಿಸಿ, ವಾಸನೆ ನಿಂತ ಮೇಲೆ ಆರಿಸಿ. ಕ್ರೋಮ್ ಜಾಲರಿ ಖೊರಿಕಾಗೆ ಬೇಡವೇ ಬೇಡ, ಮಾಂಸ ಅದಕ್ಕೆ ಅಂಟಿ ಚರ್ಮ ಕಿತ್ತುಬರುತ್ತದೆ. ಜಾಲರಿ ಹಾಳಾಯಿತೆಂದು ಹಾರ್ಡ್‌ವೇರ್ ಅಂಗಡಿಯ ಬೇಲಿ ಜಾಲರಿ ಕತ್ತರಿಸಿ ತರುವವರಿದ್ದಾರೆ. ಅದಕ್ಕೆ ಸತುವಿನ ಲೇಪ ಇರುತ್ತದೆ, ಕೆಂಡದ ಕಾವಿಗೆ ಆ ಹೊಗೆ ಒಳ್ಳೆಯದಲ್ಲ. ಅದನ್ನು ಕೋಳಿಗೂಡಿಗೇ ಬಿಡಿ.

ಇನ್ನು ಕಡ್ಡಿ. ಈ ಸೆಟ್ಟು ಪೂರ್ತಿ ಸೋಲುವುದು ಇಲ್ಲೇ.

ಜೊತೆಗೆ ಬರುವ ಕಬ್ಬಿಣದ ಸರಳು ಗುಂಡಗೆ, ಮೂರು ನಾಲ್ಕು ಮಿಲಿಮೀಟರ್ ದಪ್ಪ. ಸರಳನ್ನು ತಿರುಗಿಸಿದರೆ ಸರಳು ಮಾತ್ರ ತಿರುಗುತ್ತದೆ, ಮಾಂಸ ಜೋತುಬಿದ್ದ ಮಗ್ಗುಲಲ್ಲೇ ಇರುತ್ತದೆ. ಒಂದೇ ಕಡೆ ಸೀದ ಖೊರಿಕಾ ಕಂಡರೆ ಕಾರಣ ಇದೇ ಎಂದು ಕಣ್ಣುಮುಚ್ಚಿ ಹೇಳಬಹುದು. ಸೂಪರ್ ಮಾರ್ಕೆಟ್ಟಿನ ಬಿದಿರುಕಡ್ಡಿ ಪೊಟ್ಟಣವೂ ಇದಕ್ಕೆ ಸಮವೇ. ಅದೂ ಗುಂಡಗೆ, ಮೂರು ಮಿಲಿಮೀಟರ್ ದಪ್ಪ, 25 ಅಥವಾ 30 ಸೆಂಟಿಮೀಟರ್ ಉದ್ದ. ಗ್ರಿಲ್ಲಿನ ಅಗಲವೇ 28ರ ಹತ್ತಿರ, ಅದಕ್ಕೆ ಎರಡು ಕಡೆಯ ಇಟ್ಟಿಗೆ ಸೇರಿಸಿ ಲೆಕ್ಕ ಹಾಕಿ. ಕಡ್ಡಿ ಕೆಂಡದೊಳಗೇ ಬೀಳುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಿದರೂ ಬರಿದಾಗಿ ಉಳಿದ ತುದಿ ಹತ್ತು ನಿಮಿಷಕ್ಕೆ ಹೊತ್ತಿಕೊಳ್ಳುತ್ತದೆ.

ಬೇಕಾದ್ದು 45 ಸೆಂಟಿಮೀಟರ್ ಉದ್ದದ, ಒಂದು ಸೆಂಟಿಮೀಟರ್ ಅಗಲದ, ಚಪ್ಪಟೆ ಸೀಳು. ಇದು ಅಂಗಡಿಯಲ್ಲಿ ಸಿಗುವುದು ಅಪರೂಪ, ಮಲೆನಾಡಿನಲ್ಲಿ ಮಾರುವ ಅಗತ್ಯವೂ ಇಲ್ಲ. ಸ್ವಂತ ಜಾಗದಲ್ಲಿ ಬೆಳೆದ ಬಿದಿರು ಕಡಿಯಲು ಭಯ ಬೇಡ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ ಎಂಬ ಲೆಕ್ಕದಿಂದ ಹೊರಬಂದಿದೆ. ಕಾಡಂಚಿನದ್ದಕ್ಕೆ ಮಾತ್ರ ಕೈಹಾಕಬೇಡಿ. ಎಳೆಯದಲ್ಲದ, ಹಸಿರು ಇನ್ನೂ ಆರದ ಬೊಂಬು ಆರಿಸಿ. ಗಿಣ್ಣಿನಿಂದ ಗಿಣ್ಣಿಗೆ ಕತ್ತರಿಸಿ, ಮಚ್ಚಿನ ಬಾಯನ್ನು ನೆತ್ತಿಗಿಟ್ಟು ಹಿಂಬದಿಗೆ ಕೊಡತಿಯಿಂದ ತಟ್ಟಿದರೆ ತಾನಾಗಿ ಸೀಳುತ್ತದೆ. ಒಳಮೈಯ ಬಿಳಿ ತಿರುಳನ್ನು ಹೆರೆದು ತೆಗೆಯಿರಿ, ಹೊರಗಿನ ಹಸಿರು ಸಿಪ್ಪೆಯನ್ನು ಉಳಿಸಿ, ಕಡ್ಡಿಯ ಬಲವೆಲ್ಲ ಅದರಲ್ಲಿದೆ. ಒಂದು ತುದಿ ಚೂಪು ಮಾಡಿ, ಅಂಚುಗಳಲ್ಲಿ ಕತ್ತಿಯ ಬೆನ್ನು ಎಳೆದು ಸಿಬಿರು ಸವರಿ. ಹಸಿ ಬಿದಿರಿಗೆ ನೆನೆಸುವ ಕೆಲಸ ಇಲ್ಲ, ನೀರು ಅದರೊಳಗೇ ಇದೆ. ಕೆಂಡದ ಮೇಲಿಟ್ಟ ಐದು ನಿಮಿಷಕ್ಕೆ ಕಡ್ಡಿಯ ತುದಿಯಲ್ಲಿ ಸಣ್ಣಗೆ ನೊರೆ ಗುಳ್ಳೆ ಬರುತ್ತದೆ, ಸುಂಯ್ ಎಂಬ ಸದ್ದು ಬರುತ್ತದೆ. ಆ ಹಬೆ ಮಾಂಸವನ್ನು ಒಳಗಿನಿಂದ ತೇವವಾಗಿಡುತ್ತದೆ, ಬೆಂದ ಮೇಲೆ ಮಾಂಸ ಕಡ್ಡಿಯಿಂದ ಸಲೀಸಾಗಿ ಜಾರುತ್ತದೆ. ಒಣ ಬಿದಿರಾದರೆ ಮೂರು ನಾಲ್ಕು ಗಂಟೆ ನೆನೆಸಲೇಬೇಕು. ಸೀಳದ ಪೂರ್ತಿ ಗಿಣ್ಣನ್ನು ಬೆಂಕಿಗೆ ಹಾಕಬೇಡಿ, ಒಳಗಿನ ಗಾಳಿ ಕಾದು ಪಟಾಕಿಯ ಹಾಗೆ ಒಡೆಯುತ್ತದೆ.

ಬಿದಿರಿಲ್ಲವೆಂದು ಬೇಲಿಯ ಕೋಲು ಮುರಿಯುವವರಿಗೆ ಒಂದು ಗಟ್ಟಿ ಎಚ್ಚರಿಕೆ: ಕಣಗಿಲೆ ಬೇಡ, ಲಂಟಾನ ಬೇಡ, ಎರಡೂ ವಿಷ. ಕಾಫಿ ಗಿಡದ ನೀಳ ಚಿಗುರು ನೇರವಾಗಿ ಚೆಂದ ಕಾಣುತ್ತದೆ, ಆದರೆ ಅದರ ಮೇಲೆ ರೋಗಕ್ಕೆಂದು ಸಿಂಪಡಿಸುವ ಮೈಲುತುತ್ತದ ಬೋರ್ಡೋ ದ್ರಾವಣ ಬಿದ್ದಿರುತ್ತದೆ. ಅದೂ ಬೇಡ. ಪೇಟೆಯಲ್ಲಿ ಏನೂ ಸಿಗದವರು ಚಪ್ಪಟೆಯಾದ, ಎಂಟು ಮಿಲಿಮೀಟರ್ ಅಗಲದ ಸ್ಟೀಲ್ ಸರಳನ್ನು ಬೇರೆಯಾಗಿ ಕೊಳ್ಳಿ. ಬಿದಿರಿನ ಪರಿಮಳ ಬರುವುದಿಲ್ಲ, ಮಾಂಸ ಮಾತ್ರ ತಿರುಗದೆ ನಿಲ್ಲುತ್ತದೆ.

ಇದ್ದಲಿನ ವಿಷಯಕ್ಕೆ ಬಂದರೆ, ಪೊಟ್ಟಣದ ಒತ್ತಿದ ಇದ್ದಲು, ಅಂದರೆ ಬ್ರಿಕೆಟ್, ಖೊರಿಕಾಗೆ ಎರಡನೇ ದರ್ಜೆ. ಪುಡಿಯನ್ನು ಗಂಜಿಯ ಅಂಟಿನಲ್ಲಿ ಒತ್ತಿ ಮಾಡಿದ್ದು ಅದು. ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗುವವರೆಗೆ, ಅಂದರೆ 25–30 ನಿಮಿಷ, ಒಂಥರಾ ಕಮಟು ಹೊಗೆ ಬರುತ್ತಲೇ ಇರುತ್ತದೆ. ಮಸಾಲೆ ಕಡಿಮೆ ಇರುವ ಅಡುಗೆಯಲ್ಲಿ ಆ ವಾಸನೆ ಎದ್ದು ಕಾಣುತ್ತದೆ. ಚಿಪ್ಪಿನ ಇದ್ದಲು ಉತ್ತಮ. ಅರಸೀಕೆರೆ ಸೀಮೆಯ ತೆಂಗಿನ ಚಿಪ್ಪಿಗೆ ಹಾಸನದಲ್ಲಿ ಬರವೇ? ಕಾವು ಜಾಸ್ತಿ, ಹೊಗೆ ಕಡಿಮೆ, ಆದರೆ ಹೊತ್ತುವಾಗ ಕಿಡಿ ಹಾರಿಸುತ್ತದೆ. ಮೊದಲ ಹತ್ತು ನಿಮಿಷ ಮಕ್ಕಳನ್ನು ದೂರ ನಿಲ್ಲಿಸಿ.

ಎಲ್ಲಕ್ಕಿಂತ ಮೇಲು ಹಳೇ ಕಾಫಿ ಗಿಡದ ಬೊಡ್ಡೆ. ಮರ ಗಟ್ಟಿ, ಕೆಂಡ ಸಣ್ಣದು, ಬಹಳ ಹೊತ್ತು ನಿಲ್ಲುತ್ತದೆ. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡಗಳನ್ನು ಕಿತ್ತು ಸುಡುವುದು ತೋಟದವರಿಗೆ ಹೇಗೂ ಇದ್ದದ್ದೇ. ಸುಡುವ ಆ ಬೊಡ್ಡೆಯ ತೊಗಟೆ ಕೆತ್ತಿ, ಒಡೆದು, ಬೇರೆ ಒಲೆಯಲ್ಲಿ ಉರಿಸಿ, ಕೆಂಡವನ್ನಷ್ಟೇ ಗ್ರಿಲ್ಲಿಗೆ ಸಲಿಕೆಯಲ್ಲಿ ತನ್ನಿ. ತೊಗಟೆ ಕೆತ್ತುವುದು ಬೋರ್ಡೋದ ತಾಮ್ರದ ಕಾರಣಕ್ಕೆ. ಹುಳ ಹಿಡಿದ ಬೊಡ್ಡೆಯನ್ನು ಮುಂದಿನ ಸಲಕ್ಕೆಂದು ರಾಶಿ ಹಾಕಿಟ್ಟರೆ ದುಂಬಿ ಹೊರಬಂದು ಪಕ್ಕದ ಗಿಡ ಏರುತ್ತದೆ, ಆದಷ್ಟು ಬೇಗ ಸುಟ್ಟು ಮುಗಿಸಿ. ಸಿಲ್ವರ್ ಓಕ್ ಉರಿಯಲು ಚುರುಕು, ಕೆಂಡ ಮಾತ್ರ ನಿಲ್ಲುವುದಿಲ್ಲ. ಪ್ಲೈವುಡ್, ಬಣ್ಣ ಬಳಿದ ಹಲಗೆ ಹತ್ತಿರವೂ ಬರಕೂಡದು. ಒಂದು ಕೆಜಿ ಮಾಂಸಕ್ಕೆ ಒಂದೂವರೆ ಕೆಜಿ ಇದ್ದಲು ಲೆಕ್ಕ. ಸೀಮೆಎಣ್ಣೆ ಹಾಕಿ ಹೊತ್ತಿಸಿದರೆ ಆ ದಿನದ ಊಟಕ್ಕೆ ಸೀಮೆಎಣ್ಣೆಯ ರುಚಿಯೇ.

ದುಡ್ಡು ಕೊಟ್ಟು ಕೊಳ್ಳಲೇಬೇಕಾದ ಇನ್ನೊಂದು ವಸ್ತು ಸಾಸಿವೆ ಎಣ್ಣೆ. ಇದಿಲ್ಲದೆ ಮಾಡಿದ್ದು ಒಳ್ಳೆಯ ಸುಟ್ಟ ಕೋಳಿ ಆಗಬಹುದು, ಖೊರಿಕಾ ಆಗುವುದಿಲ್ಲ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬದಲಿಯಲ್ಲ. ಸೀಸೆಯ ಮೇಲೆ ‘ಕಚ್ಚಿ ಘಾನಿ’ ಎಂದಿರುವುದನ್ನು ಆರಿಸಿ, ಅದು ಗಾಣದಲ್ಲಿ ತಣ್ಣಗೆ ತೆಗೆದದ್ದು. ಮುಚ್ಚಳ ತೆರೆದಾಗ ಮೂಗಿನ ಸೇತುವೆಗೆ ಚುಚ್ಚಬೇಕು, ಬರೀ ಹಳದಿ ಬಣ್ಣವಿದ್ದು ಘಾಟಿಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. 2021ರ ಜೂನ್‌ನಿಂದ ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸುವಂತಿಲ್ಲ ಎಂಬ ನಿಯಮವಿದೆ. ಆದರೂ ಬಿಡಿ ಎಣ್ಣೆ ಕೊಳ್ಳದಿರುವುದೇ ಕ್ಷೇಮ. ದೊಡ್ಡ ಸೂಪರ್ ಮಾರ್ಕೆಟ್ಟಿಗಿಂತ ತೋಟದ ಲೈನಿನ ಹತ್ತಿರದ ಕಿರಾಣಿ ಅಂಗಡಿಯ ಎಣ್ಣೆ ಹೊಸದಾಗಿರುತ್ತದೆ, ಅಲ್ಲಿ ಅದು ದಿನಾ ಖರ್ಚಾಗುವ ಸರಕು. ಸೀಸೆಯ ಮೇಲಿನ ತಿಂಗಳು ನೋಡಿ.

ಪಲ್ಯ, ಸಾರಿಗೆ ಬಳಸುವಾಗ ಸಾಸಿವೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ ಘಾಟು ಇಳಿಸುತ್ತಾರೆ. ಇಲ್ಲಿ ಹಾಗೆ ಮಾಡಬೇಡಿ. ಹಸಿ ಎಣ್ಣೆಯೇ ಮಾಂಸಕ್ಕೆ ಹೋಗಬೇಕು, ಘಾಟನ್ನು ಕೆಂಡ ನೋಡಿಕೊಳ್ಳುತ್ತದೆ.

ಕೋಳಿಯನ್ನು ಕೇಳಿ ಕಡಿಸಬೇಕು. ನಮ್ಮ ಕೋಳಿ ಅಂಗಡಿಗಳಲ್ಲಿ ಏನೂ ಹೇಳದಿದ್ದರೆ ಚರ್ಮ ಸುಲಿದು, ಸಾರಿನ ಅಳತೆಗೆ ಕಡಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿರುತ್ತಾರೆ. ಆ ತುಂಡಿನಲ್ಲಿ ಖೊರಿಕಾ ಆಗುವುದಿಲ್ಲ, ಮೂಳೆ ಚೂರು ಕಡ್ಡಿಗೆ ದಾರಿ ಬಿಡುವುದಿಲ್ಲ. ‘ವಿತ್ ಸ್ಕಿನ್, ಪೂರ್ತಿ ಲೆಗ್ಗು, ಕಡಿಯಬೇಡಿ’ ಎಂದು ಮೂರು ಸಲ ಹೇಳಿ. ಫಾರಂ ಕೋಳಿಯ ತೊಡೆಯೂ ಕಾಲೂ ಸೇರಿದ ಪೂರ್ತಿ ಲೆಗ್ಗು ಆರು ತಂದರೆ ಮೂಳೆ ಬಿಡಿಸಿದ ಮೇಲೆ ಒಂದು ಕೆಜಿಯ ಆಸುಪಾಸು ಸಿಗುತ್ತದೆ. ಮೂಳೆ ಬಿಡಿಸುವುದು ಸುಲಭ: ಒಳಮಗ್ಗುಲಲ್ಲಿ ಮೂಳೆಯ ಗುಂಟ ಸೀಳಿ, ಮಂಡಿಯ ಗಂಟಿನ ಸುತ್ತ ಕತ್ತಿ ಆಡಿಸಿ, ಎಳೆದುಬಿಡಿ. ಮೂರೂವರೆ ಸೆಂಟಿಮೀಟರ್ ತುಂಡು ಮಾಡಿ, ಪ್ರತಿ ತುಂಡಿಗೂ ಚರ್ಮ ಇರುವಂತೆ ನೋಡಿ. ಎದೆಮಾಂಸ ಬೇಡ. ಅದರಲ್ಲಿ ಕೊಬ್ಬಿಲ್ಲ, ಇಷ್ಟು ಹೊತ್ತಿನ ಕಾವಿಗೆ ನಾರಾಗುತ್ತದೆ. ನಾಟಿ ಕೋಳಿಯೇ ಆಗಬೇಕೆಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆ ಹೇಟೆ ತನ್ನಿ, ತುಂಡು ಎರಡೂವರೆ ಸೆಂಟಿಮೀಟರಿಗೆ ಇಳಿಸಿ, ಕೆಂಡದ ಮೇಲೆ ಹತ್ತು ನಿಮಿಷ ಜಾಸ್ತಿ ಕೊಡಿ. ಅರಿಶಿನ ಹಚ್ಚಿ ಹುಲ್ಲಿನ ಉರಿಯಲ್ಲಿ ಸುಟ್ಟ ನಾಟಿ ಕೋಳಿಯ ಚರ್ಮದ ರುಚಿಗೆ ಫಾರಂ ಎಂದೂ ಸಾಟಿಯಾಗದು, ಹಲ್ಲಿಗೆ ಕೆಲಸ ಮಾತ್ರ ಜಾಸ್ತಿ.

ಒಂದು ಕೆಜಿಗೆ ಅಳತೆ: ಉಪ್ಪು 15 ಗ್ರಾಂ, ಶುಂಠಿ 25 ಗ್ರಾಂ, ಬೆಳ್ಳುಳ್ಳಿ 30 ಗ್ರಾಂ, ಸೂಜಿಮೆಣಸು ಎಂಟರಿಂದ ಹತ್ತು, ತರಿತರಿ ಕಾಳುಮೆಣಸು ಒಂದು ಟೀ ಚಮಚ, ಅರಿಶಿನ ಅರ್ಧ ಟೀ ಚಮಚ, ಸಾಸಿವೆ ಎಣ್ಣೆ ಮೂರು ಟೇಬಲ್ ಚಮಚ. ಕಾಡು ಕೊತ್ತಂಬರಿ ಎನ್ನುವ ಉದ್ದನೆಯ ಗರಗಸದಂಚಿನ ಎಲೆ ಸಿಕ್ಕರೆ ನಾಲ್ಕೈದು. ಅಸ್ಸಾಮಿನ ಅಡುಗೆಮನೆಯಲ್ಲಿ ಅದಕ್ಕೆ ಮಾನ್ ಧನಿಯಾ ಎಂದು ಹೆಸರು. ಅಷ್ಟೇ. ಚೆಕ್ಕೆ, ಲವಂಗ, ಧನಿಯಾ ಪುಡಿ, ಮೊಸರು, ಕೆಂಪು ಬಣ್ಣ ಯಾವುದೂ ಇಲ್ಲ. ಒಂದು ಚಮಚ ಗರಂ ಮಸಾಲೆ ಹಾಕಿದರೆ ಏನಾಗುತ್ತದೆ ಎಂದು ಕೈ ತುರಿಸುವುದು ಸಹಜ. ಏನೂ ಅನಾಹುತ ಆಗುವುದಿಲ್ಲ, ಸಾಸಿವೆ ಎಣ್ಣೆ, ಬಿದಿರು, ಹೊಗೆ ಮೂರೂ ಮುಚ್ಚಿಹೋಗಿ ಹೆದ್ದಾರಿ ಢಾಬಾದ ಕಬಾಬು ತಟ್ಟೆಗೆ ಬರುತ್ತದೆ.

ಶುಂಠಿ ಬೆಳ್ಳುಳ್ಳಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಬೇಡಿ. ನೀರು ಬಿಟ್ಟ ಪೇಸ್ಟು ಮಾಂಸದ ಮೇಲೆ ಅಂಟಾಗಿ ಕೂತು ಮೊದಲಿಗೆ ಸೀಯುತ್ತದೆ, ಬೆಳ್ಳುಳ್ಳಿ ಸೀದರೆ ಕಹಿ. ಒರಳಿನಲ್ಲಿ ತರಿಯಾಗಿ ಕುಟ್ಟಿ, ಎಣ್ಣೆ ಉಪ್ಪಿನ ಜೊತೆ ಮಾಂಸಕ್ಕೆ ಕಲಸಿ ಎರಡರಿಂದ ನಾಲ್ಕು ಗಂಟೆ ತಣ್ಣಗಿಡಿ. ಕಡ್ಡಿಗೆ ಚುಚ್ಚುವಾಗ ದೊಡ್ಡ ತರಿಗಳನ್ನು ಬೆರಳಲ್ಲಿ ಕೆರೆದು ಹಾಕಿ, ಅವುಗಳ ಸಾರ ಆಗಲೇ ಮಾಂಸಕ್ಕೆ ಇಳಿದಿರುತ್ತದೆ. ನಿಂಬೆರಸ ಈ ಹಂತದಲ್ಲಿ ಒಂದು ಹನಿಯೂ ಬೇಡ. ಹುಳಿಯಲ್ಲಿ ಗಂಟೆಗಟ್ಟಲೆ ಕೂತ ಕೋಳಿಯ ಮೇಲ್ಮೈ ಸುಣ್ಣದ ಹಾಗೆ ಬಿಳಿಚಿ ಪುಡಿಪುಡಿಯಾಗುತ್ತದೆ. ಅಸ್ಸಾಮಿನ ಕಾಜಿ ನೇಮು ಎಂಬ ಉದ್ದ ನಿಂಬೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿತು, 2024ರಲ್ಲಿ ಅದು ಅಲ್ಲಿನ ರಾಜ್ಯಹಣ್ಣೂ ಆಯಿತು. ಅದರ ಹೆಚ್ಚುಗಾರಿಕೆ ಸಿಪ್ಪೆಯ ಪರಿಮಳ. ನಮ್ಮಲ್ಲಿ ಆ ಜಾಗಕ್ಕೆ ಗಜನಿಂಬೆ ಸಾಕು, ಬೆಂದು ತಟ್ಟೆಗೆ ಬಂದ ಮೇಲೆ ಹಿಂಡಿ, ಸಿಪ್ಪೆಯ ಹಸಿರನ್ನು ಒಂದಿಷ್ಟು ತುರಿದು ಉದುರಿಸಿ. ಹೇರಳೆಕಾಯಿಯ ಸಿಪ್ಪೆ ಕಹಿ, ಅದು ಉಪ್ಪಿನಕಾಯಿಗೇ ಸರಿ.

ಭೂತ್ ಜೊಲೊಕಿಯಾ ಸೀಸೆಯಲ್ಲಿ ಉಪ್ಪಿನಕಾಯಿಯಾಗಿ ಬರುತ್ತದೆ. 2007ರಲ್ಲಿ ಗಿನ್ನೆಸ್ ಇದನ್ನು ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ದಾಖಲಿಸಿತ್ತು, ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಅದು ಹತ್ತು ಲಕ್ಷ ದಾಟಿತ್ತು. ನಮ್ಮ ಸೂಜಿಮೆಣಸು ಅದರ ಮುಂದೆ ಬಹಳ ಸಪ್ಪೆ. ಒಂದು ಕೆಜಿ ಮಾಂಸಕ್ಕೆ ಕಾಯಿಯ ಕಾಲುಭಾಗ ಸಾಕು, ಅದೂ ಬೀಜ ತೆಗೆದು. ಕೈಗೆ ಎಣ್ಣೆ ಸವರಿಕೊಂಡರೆ ಸಾಲದು, ಗ್ಲೌಸು ಹಾಕಿ. ಖಾರಕ್ಕಿಂತ ಅದರ ಹಣ್ಣಿನಂಥ ಘಮ ಚೆನ್ನ, ಆದರೆ ಸೂಜಿಮೆಣಸು ಬೇಲಿಯಲ್ಲೇ ಇರುವಾಗ ಇದಕ್ಕೆ ದುಡ್ಡು ಹಾಕುವುದು ಷೋಕಿ. ಮೆಜೆಂಗಾ ಎಲೆ ಹಾಕುವ ಮನೆಗಳೂ ಅಸ್ಸಾಮಿನಲ್ಲಿವೆ. ಅದು ನಮ್ಮ ಜುಮ್ಮನಕಾಯಿಯ ಕುಲದ್ದೇ ಗಿಡ. ನಾಲ್ಕೈದು ಒಣ ಜುಮ್ಮನಕಾಯಿಯ ಕರಿಬೀಜ ಬಿಸಾಡಿ, ಹೊರಸಿಪ್ಪೆಯನ್ನಷ್ಟೇ ಕುಟ್ಟಿ ಸೇರಿಸಿದರೆ ನಾಲಗೆ ಜುಮ್ಮೆನ್ನುವ ಆ ಗುಣ ಹತ್ತಿರ ಹತ್ತಿರ ಬರುತ್ತದೆ. ಸೀಸೆಯ ಖೊರಿಸಾ, ಅಂದರೆ ಹುಳಿ ಬರಿಸಿದ ಬಿದಿರಿನ ಮೊಳಕೆ, ಎರಡು ಚಮಚ ಕಲಸಿ ಮಾಡುವ ಬಗೆಯೂ ಉಂಟು. ಅದನ್ನು ಕೊಂಡರೆ ಮಾಂಸದ ಉಪ್ಪನ್ನು 10 ಗ್ರಾಮಿಗೆ ಇಳಿಸಿ. ಮಳೆಗಾಲದ ಕಳಲೆಯನ್ನು ಇದರ ಬದಲಿಗೆ ಹಾಕುವ ಯೋಚನೆ ಬೇಡ. ಕಳಲೆಯನ್ನು ನಾವು ದಿನವೂ ನೀರು ಬದಲಿಸಿ ಕಹಿ ತೆಗೆದು ಸಪ್ಪೆ ಮಾಡುತ್ತೇವೆ, ಖೊರಿಸಾದ ಜೀವ ಇರುವುದು ಹುಳಿಯಲ್ಲಿ.

ಚುಚ್ಚುವಾಗ ಒಂದು ಕಡ್ಡಿಗೆ ಐದಾರು ತುಂಡು, ತುಂಡಿಗೂ ತುಂಡಿಗೂ ಉಗುರಿನಷ್ಟು ಸಂದು. ಇಡಿಕಿರಿದು ಚುಚ್ಚಿದರೆ ತಾಗಿಕೊಂಡ ಮಗ್ಗುಲುಗಳು ಬೇಯುವುದಿಲ್ಲ. ಚರ್ಮವನ್ನು ಎರಡು ಕಡೆ ಹೊಲಿದ ಹಾಗೆ ಚುಚ್ಚಿ, ಇಲ್ಲದಿದ್ದರೆ ಸುರುಟಿಕೊಂಡು ಮೇಲೇಳುತ್ತದೆ. ಕೆಂಡದ ಮೇಲೆ ತೆಳುವಾಗಿ ಬೂದಿ ಮುಚ್ಚಿರಬೇಕು, ಜ್ವಾಲೆ ಎಲ್ಲೂ ಇರಬಾರದು. ಮಾಂಸ ಕೂರುವ ಎತ್ತರದಲ್ಲಿ ಅಂಗೈ ಹಿಡಿದು ನಿಧಾನಕ್ಕೆ ಎಣಿಸಿ. ಎರಡಕ್ಕೇ ಕೈ ಎಳೆದುಕೊಂಡರೆ ಕಾವು ಜಾಸ್ತಿ, ನಾಲ್ಕೈದರವರೆಗೆ ತಡೆದರೆ ಸರಿ, ಎಂಟು ಎಣಿಸಿದರೆ ಇನ್ನಷ್ಟು ಕೆಂಡ ಬೇಕು. ಕೆಂಡವನ್ನೆಲ್ಲ ಸಮನಾಗಿ ಹರಡಬೇಡಿ. ಮುಕ್ಕಾಲು ಭಾಗಕ್ಕೆ ಹರಡಿ ಕಾಲುಭಾಗ ಖಾಲಿ ಬಿಡಿ, ಕೊಬ್ಬು ಸುರಿದು ಭಗ್ಗೆಂದಾಗ ಕಡ್ಡಿಯನ್ನು ಆ ಕಡೆ ಸರಿಸಬಹುದು. ನೀರು ಚಿಮುಕಿಸಿದರೆ ಬೂದಿ ಹಾರಿ ಮಾಂಸಕ್ಕೆ ಮೆತ್ತುತ್ತದೆ.

ಮೊದಲ ಹತ್ತು ನಿಮಿಷ ಎರಡೆರಡು ನಿಮಿಷಕ್ಕೊಮ್ಮೆ ತಿರುಗಿಸಿ, ಆಮೇಲೆ ಮೂರು ನಿಮಿಷಕ್ಕೊಮ್ಮೆ ಸಾಕು. ಒಟ್ಟು 22–25 ನಿಮಿಷ. ಚರ್ಮ ಮೊದಲು ಬೆವರುತ್ತದೆ, ಆಮೇಲೆ ಬಿಗಿಯುತ್ತದೆ, ಹದಿನೈದನೇ ನಿಮಿಷದ ಹೊತ್ತಿಗೆ ಸಣ್ಣ ಗುಳ್ಳೆಗಳೆದ್ದು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕೊನೆಯ ಐದು ನಿಮಿಷ ಎಣ್ಣೆ ಸವರುವ ಹೊತ್ತು: ಎರಡು ಚಮಚ ಸಾಸಿವೆ ಎಣ್ಣೆಗೆ ಚಿಟಿಕೆ ಉಪ್ಪು ಹಾಕಿ, ಬುಡ ಜಜ್ಜಿದ ಮಜ್ಜಿಗೆ ಹುಲ್ಲಿನ ಕಟ್ಟಿನಲ್ಲಿ ಅದ್ದಿ ಸವರಿ. ಸೆಟ್ಟಿನ ಜೊತೆ ಬಂದ ಬ್ರಷ್ಷಿನ ಎಳೆ ನೈಲಾನು, ಕಾದ ಚರ್ಮಕ್ಕೆ ತಾಗಿ ಕರಗುತ್ತದೆ. ಬೆಂದಿತೇ ಎಂದು ನೋಡಲು ದಪ್ಪ ತುಂಡನ್ನು ಚುಚ್ಚಿ, ರಸ ತಿಳಿಯಾಗಿ ಬಂದರೆ ಆಯಿತು. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ ಸೆಲ್ಸಿಯಸ್ ಸುರಕ್ಷತೆಯ ಗೆರೆ. ತೊಡೆಮಾಂಸ 82ರ ಹತ್ತಿರ ಇನ್ನೂ ಮೆತ್ತಗಾಗುತ್ತದೆ, ಅವಸರ ಬೇಡ. ಇಳಿಸಿ ಐದು ನಿಮಿಷ ಬಾಳೆಎಲೆಯ ಮೇಲೆ ಬಿಡಿ.

ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹೂಡಲಾಗದೆ ಗ್ರಿಲ್ಲನ್ನು ಅಡುಗೆಮನೆಗೋ ಕಾರಿನ ಷೆಡ್ಡಿಗೋ ತಂದು ಬಾಗಿಲೆಳೆದುಕೊಳ್ಳುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೂರು ಕಡೆ ತೆರೆದ ಮಾಡಿನ ಕೆಳಗಾದರೆ ಮಾತ್ರ ಸರಿ. ಊಟವಾದ ಮೇಲೆ ಚಳಿಗೆಂದು ಉಳಿದ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವುದಂತೂ ಕೂಡದು. ಏರ್ ಫ್ರೈಯರಿನಲ್ಲಿ ಮಾಡಬಹುದೇ ಎಂದರೆ, 180 ಡಿಗ್ರಿಯಲ್ಲಿ 18 ನಿಮಿಷಕ್ಕೆ ಕೋಳಿ ಬೇಯುತ್ತದೆ, ಕಡ್ಡಿ ಅದರೊಳಗೆ ಹಿಡಿಯುವುದಿಲ್ಲ, ಹೊಗೆಯೂ ಇಲ್ಲ. ಖೊರಿಕಾ ಎನ್ನಲು ಬಾಯಿ ಬರುವುದಿಲ್ಲ.

ಜೊತೆಗೆ ಏನು ಎಂಬುದಕ್ಕೆ ಅಸ್ಸಾಮಿನ ಉತ್ತರ ಪಿಟಿಕಾ: ಬೇಯಿಸಿದ ಆಲೂಗಡ್ಡೆ ಅಥವಾ ಸುಟ್ಟ ಬದನೆಕಾಯಿಯನ್ನು ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಹಸಿ ಸಾಸಿವೆ ಎಣ್ಣೆಯಲ್ಲಿ ಕಿವುಚಿದ್ದು. ಸುಟ್ಟ ಬದನೆಕಾಯಿ ಗೊಜ್ಜು ಉಂಡು ಬೆಳೆದವರಿಗೆ ಇದನ್ನು ಪರಿಚಯ ಮಾಡಿಸಬೇಕಾಗಿಲ್ಲ, ಹುಣಸೆಹುಳಿ ಬೆಲ್ಲ ಬಿಟ್ಟು ಸಾಸಿವೆ ಎಣ್ಣೆ ಹಾಕಿದರೆ ಅದೇ. ಕೆಂಡ ಹೇಗೂ ಇದೆ, ಖಾಲಿ ಬಿಟ್ಟ ಮೂಲೆಯ ಅಂಚಿಗೆ ಬದನೆಕಾಯಿ ಒತ್ತಿಟ್ಟರೆ ಕೋಳಿಯ ಹೊತ್ತಿಗೆ ಅದೂ ಆಗಿರುತ್ತದೆ. ಅನ್ನ ಸಾಕು. ಅಕ್ಕಿರೊಟ್ಟಿಯೂ ಹೊಂದುತ್ತದೆ, ಕಡುಬು ಅಷ್ಟಾಗಿ ಇಲ್ಲ, ಅದಕ್ಕೆ ಸಾರಿನ ತೇವ ಬೇಕು.

ಬಾಳಿಕೆಯಲ್ಲಿ ಈ ಗ್ರಿಲ್ಲಿಗೆ ಹೆಚ್ಚು ಅಂಕ ಕೊಡಲಾಗದು. ತಗಡು ತೆಳು, ಇದ್ದಲಿನ ತಟ್ಟೆ ಹತ್ತಾರು ಸಲ ಕಾದ ಮೇಲೆ ಬಿಲ್ಲಿನ ಹಾಗೆ ಬಾಗುತ್ತದೆ, ಕಾಲಿನ ರಿವೆಟ್ಟು ಸಡಿಲವಾಗುತ್ತದೆ. ಇಟ್ಟಿಗೆ ವಿಧಾನದಲ್ಲಿ ಕಾಲಿಗೆ ಕೆಲಸವಿಲ್ಲದ ಕಾರಣ ಎರಡನೆಯದು ತಲೆನೋವಲ್ಲ. ಆದರೆ ಇದನ್ನು ನಿಜವಾಗಿ ಕೊಲ್ಲುವುದು ಬೆಂಕಿಯಲ್ಲ, ಬೂದಿ. ಮಲೆನಾಡಿನ ತೇವಕ್ಕೆ ಡಬ್ಬದಲ್ಲಿ ಬಿಟ್ಟ ಬೂದಿ ನೀರೆಳೆದು ತುಕ್ಕು ಹಿಡಿಸಿ ತಳ ತಿನ್ನುತ್ತದೆ. ಮಾರನೇ ಬೆಳಿಗ್ಗೆ ಕೆಂಡ ಪೂರ್ತಿ ಆರಿರುವುದನ್ನು ಕೈಯಿಟ್ಟು ನೋಡಿ ಬೂದಿ ಕೊಡವಿ, ಒಣಬಟ್ಟೆಯಲ್ಲಿ ಒರೆಸಿ, ಸವರಲು ಇಟ್ಟ ಬಟ್ಟಲಲ್ಲಿ ಉಳಿದ ಸಾಸಿವೆ ಎಣ್ಣೆಯನ್ನೇ ತಗಡಿನ ಒಳಮೈಗೆ ಹಚ್ಚಿ ಗೋಡೆಗೆ ನೇತುಹಾಕಿ.